ಇಂಡಿಕೇಟರ್ ಹಾಕಿದ್ರೆ ಹಿಂದಿನ ಕೆಂಪು ಲೈಟೂ ಮಿಣುಕತ್ತೆ, ಯಾಕೆ?

ಪ್ರಶ್ನೆ: ಅಣ್ಣಾ, ನಮ್ದು ಹಳೇ ಟಾಟಾ 407. ಬಲಗಡೆ ಇಂಡಿಕೇಟರ್ ಹಾಕಿದ್ರೆ ಹಿಂದಿನ ಕೆಂಪು ಲೈಟೂ ಜೊತೆಗೆ ಮಿಣುಕತ್ತೆ, ಬ್ರೇಕ್ ತುಳಿದ್ರೆ ಇಂಡಿಕೇಟರ್ರೇ ನಿಂತೋಗತ್ತೆ. ಬಲ್ಬ್ ಮೂರ್ ಸಲ ಹಾಕ್ಸಿದೀನಿ, ಇಂಡಿಕೇಟರ್ ಮಿಣುಕ್ಸೋ ಫ್ಲಾಷರೂ ಹೊಸದು. ಈಗ ವೈರಿಂಗ್ ಪೂರ್ತಿ ಬದಲಾಯಿಸ್ಬೇಕು ಅಂತಾರೆ, ಹೌದಾ?

ಉತ್ತರ: ತಡೀರಿ, ಇನ್ನೂ ದುಡ್ಡು ಬಿಚ್ಬೇಡಿ. ನೀವು ಹೇಳೋ ಲಕ್ಷಣ ನೋಡಿದ್ರೆ ಇದು ಬಹುತೇಕ ಅರ್ತ್ ಕಂಪ್ಲೇಂಟು.

ಬಲ್ಬಿಗೆ ಬಂದ ಕರೆಂಟು ವಾಪಸ್ ಬ್ಯಾಟ್ರಿಗೆ ಹೋಗ್ಬೇಕಲ್ಲ, ಅದು ಚಾಸಿ, ಅಂದ್ರೆ ಗಾಡಿಯ ಕಬ್ಬಿಣದ ಚೌಕಟ್ಟಿನ ಮೇಲೇ ಹೋಗತ್ತೆ, ಆ ವಾಪಸ್ ದಾರಿಗೇ ಅರ್ತ್ ಅನ್ನೋದು. ಹಿಂದಿನ ಲೈಟಲ್ಲಿ ಪಾರ್ಕಿಂಗು, ಬ್ರೇಕು, ಇಂಡಿಕೇಟರು ಮೂರಕ್ಕೂ ಸೇರಿ ಇರೋದು ಒಂದೇ ಅರ್ತ್. ಅದು ಕೈಕೊಟ್ರೆ ಇಂಡಿಕೇಟರ್ ಬಲ್ಬ್ ದಾಟಿದ ಕರೆಂಟು ಬೇರೆ ದಾರಿ ಹುಡುಕ್ಕೊಂಡು ಪಕ್ಕದ 5 ವ್ಯಾಟ್ ಪಾರ್ಕಿಂಗ್ ಫಿಲಮೆಂಟಿಗೆ (ಬಲ್ಬೊಳಗೆ ಉರಿಯೋ ತಂತಿ) ಉಲ್ಟಾ ನುಗ್ಗಿ, ಪಾರ್ಕಿಂಗ್ ವೈರ್ ಹಿಡ್ಕೊಂಡು ಎಡಗಡೆ ಲೈಟಿಗೆ ಹೋಗಿ ಅಲ್ಲಿನ ಅರ್ತಲ್ಲಿ ಇಳಿಯತ್ತೆ. ಅದಕ್ಕೇ ಕೆಂಪು ಮಿಣುಕೋದು. ಬ್ರೇಕ್ ತುಳಿದಾಗ ಆ ಕೆಟ್ಟ ಅರ್ತ್ ಜಾಗಕ್ಕೆ ಬ್ರೇಕ್ ಕಡೆಯಿಂದಲೂ ವೋಲ್ಟೇಜ್ ಬಂದು ಕೂರತ್ತೆ, ಇಂಡಿಕೇಟರ್ ಬಲ್ಬಿನ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ವೋಲ್ಟೇಜ್ ಆದ್ಮೇಲೆ ಅದು ಉರಿಯೋದೆಲ್ಲಿಂದ?

ಪರೀಕ್ಷೆ ಸುಲಭ. ಒಂದು ಉದ್ದ ವೈರ್ ತಗೊಂಡು ಒಂದು ತುದಿ ಬ್ಯಾಟ್ರಿ ಮೈನಸ್ಸಿಗೆ, ಇನ್ನೊಂದು ತುದಿ ಬಲ್ಬ್ ಹೋಲ್ಡರಿನ ಹೊರಗಿನ ತಗಡಿಗೆ ಮುಟ್ಸಿ (ಒಳಗಿನ ಪಿನ್ನಿಗೆ ಮುಟ್ಸಿದ್ರೆ ಫ್ಯೂಸ್ ಹೋಗತ್ತೆ, ಹುಷಾರು). ಎಲ್ಲಾ ಲೈಟು ಸರಿಯಾಗಿ ಉರಿದ್ರೆ ಕಳ್ಳ ಸಿಕ್ಕ ಅಂತ ಲೆಕ್ಕ. ಮೀಟರ್ ಇದ್ರೆ ಡಿಸಿ 20 ವೋಲ್ಟಲ್ಲಿಟ್ಟು ಅದೇ ಎರಡು ಜಾಗದ ಮಧ್ಯೆ ನೋಡಿ, ಆದ್ರೆ ಬ್ರೇಕು ಇಂಡಿಕೇಟರು ಎರಡೂ ಆನ್ ಇರ್ಬೇಕು, ಆಫ್ ಮಾಡಿ ನೋಡಿದ್ರೆ ಯಾವಾಗ್ಲೂ ಸೊನ್ನೇನೇ. 0.2 ವೋಲ್ಟ್ ಒಳಗಿದ್ರೆ ಚಿಂತೆ ಇಲ್ಲ, ಎರಡ್ಮೂರು ವೋಲ್ಟ್ ಬಂದ್ರೆ ಅರ್ತ್ ಸತ್ತಿದೆ. ವೈರ್ ತುಂಡಾಗಿದ್ಯಾ ಅಂತ ನೋಡೋವಾಗ ಮೀಟರ್ ಮಾಡೋ ಬೀಪ್ ಶಬ್ದ ಮಾತ್ರ ನಂಬ್ಬೇಡಿ, ಒಂದೇ ಎಳೆ ತಂತಿ ಉಳಿದಿದ್ರೂ ಅದು ಬೀಪ್ ಅನ್ನತ್ತೆ, ಆದ್ರೆ ಬ್ರೇಕ್, ಇಂಡಿಕೇಟರ್, ಪಾರ್ಕಿಂಗ್ ಸೇರಿ ಒಂದು ಕಡೆಗೇ ಸುಮಾರು 4 ಆಂಪಿಯರ್ ಎಳೀವಾಗ ಆ ಎಳೆ ಏನು ತಡ್ಕೊಳತ್ತೆ.

ನಾನೂ ಒಂದ್ಸಲ ಹೀಗೇ ಫ್ಲಾಷರ್, ಹೋಲ್ಡರ್, ಸ್ವಿಚ್ ಅಂತ ಎಲ್ಲಾ ಬದಲಾಯಿಸಿ ಸುಸ್ತಾಗಿದ್ದೆ. ಕೊನೆಗೆ ಮಲಗಿ ಟಾರ್ಚ್ ಹಾಕಿ ನೋಡಿದ್ರೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಅಂತ ಚಾಸಿಗೆ ಬಣ್ಣ ಹೊಡ್ಸಿದ್ವಲ್ಲ, ಪೇಂಟರ್ ಅರ್ತ್ ಲಗ್ (ವೈರ್ ತುದಿಯಲ್ಲಿ ಬೋಲ್ಟ್ ಹಾಕೋ ತೂತಿನ ತಗಡು) ಬಿಚ್ಚಿ ಬಣ್ಣ ಒಣಗಿದ್ಮೇಲೆ ಅದ್ರ ಮೇಲೇ ಬೋಲ್ಟ್ ಟೈಟ್ ಮಾಡಿದ್ದ, ಲಗ್ ಕೆಳಗೆ ಫಳಫಳ ಕರೀ ಬಣ್ಣ. ಮರದ ಬಾಡಿಗೇ ಲೈಟ್ ಬಡಿದಿದ್ರಂತೂ ಬೋಲ್ಟಿಂದ ಅರ್ತ್ ಬರೋ ಪ್ರಶ್ನೇನೇ ಇಲ್ಲ. ಮಲ್ಪೆ ಕಡೆ ಮೀನು ಹೊಡೆಯೋ ಗಾಡಿಯಾದ್ರೆ ಉಪ್ಪುನೀರು ಸುರಿದು ಲಗ್ ಹಸಿರು ಪುಡಿ ಆಗಿರತ್ತೆ.

ಸರಿಮಾಡೋಕೆ ಉಪ್ಪುಕಾಗದದಲ್ಲಿ ಬಿಳೀ ಲೋಹ ಕಾಣೋವರೆಗೂ ಉಜ್ಜಿ, ಹಲ್ಲಿರೋ ವಾಷರ್ ಹಾಕಿ ಟೈಟ್ ಮಾಡಿ, ಆಮೇಲೆ ಮೇಲಿಂದ ಗ್ರೀಸ್ ಬಳೀರಿ. ನನ್ ಕೇಳಿದ್ರೆ ಎರಡೂ ಲೈಟಿಂದ ಒಂದೊಂದು ದಪ್ಪ ವೈರ್ ಎಳೆದು ಚಾಸಿಗೇ ಕೊಟ್ಬಿಡೋದು ಮೇಲು. ಇಂಜಿನ್ ಸ್ಟಾರ್ಟ್ ಮಾಡೋ ಸೆಲ್ಫ್ ಮೋಟ್ರೂ ನಿಧಾನ ತಿರುಗ್ತಿದ್ರೆ ಇಂಜಿನ್ನಿಂದ ಚಾಸಿಗೆ ಬರೋ ಪಟ್ಟಿ ವೈರೂ ನೋಡಿ, ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರೋದು, ಪಟ್ಟಿ ಕಿತ್ತೋದ್ರೆ ಸೆಲ್ಫ್ ಕರೆಂಟು ಆಕ್ಸಿಲರೇಟರ್ ಕೇಬಲ್ ಮೇಲೆ ಹೋಗಿ ಅದನ್ನೇ ಕಾಯ್ಸತ್ತೆ.

ಹಾಂ, ಗಾಡಿ ಕೆಳಗೆ ನುಗ್ಗೋ ಮುಂಚೆ ಬಲ್ಬ್ ಒಂದು ಕಿತ್ತು ನೋಡಿ. ಎರಡು ಫಿಲಮೆಂಟಿನ ಹೋಲ್ಡರಿಗೆ ಯಾರಾದ್ರೂ ಒಂದು ಫಿಲಮೆಂಟಿನ ಬಲ್ಬ್ ಒತ್ತಿ ತುರುಕಿದ್ರೆ ಬ್ರೇಕ್ ತುಳಿದ್ರೂ ಪಾರ್ಕಿಂಗ್ ಹತ್ಕೊಳತ್ತೆ, ಅದಕ್ಕೆ ಎರಡು ನಿಮಿಷ ಸಾಕು.