ಎಚ್‌ಐವಿ ಮಾತ್ರೆ ಯಾವ ಕ್ಯಾನ್ಸರನ್ನು ತಡೆಯುತ್ತದೆ, ಯಾವುದನ್ನು ತಡೆಯದು

1981ರ ಜುಲೈನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು, ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದ 26 ಪುರುಷರಲ್ಲಿ ಕಪೋಸಿ ಸಾರ್ಕೋಮಾ ಕಾಣಿಸಿಕೊಂಡಿದೆ ಎಂದು ವರದಿ ಮಾಡಿತು. ಚರ್ಮದ ಮೇಲೆ ನೇರಳೆ ಮಚ್ಚೆಗಳಾಗಿ ಏಳುವ ಈ ಅಪರೂಪದ ಕ್ಯಾನ್ಸರ್ ಆ ದೇಶದಲ್ಲಿ ಅದುವರೆಗೆ ಹೆಚ್ಚಾಗಿ ಮುದುಕರನ್ನು ಕಾಡುತ್ತಿತ್ತು. ಹೀಗೆ, ಎಚ್‌ಐವಿ ಪತ್ತೆಯಾಗುವ ಮೊದಲೇ ಅದರ ಬೆನ್ನಿಗೆ ಬರುವ ಕ್ಯಾನ್ಸರ್ ವೈದ್ಯರ ಕಣ್ಣಿಗೆ ಬಿದ್ದಿತ್ತು.

ಬಹುಮಟ್ಟಿಗೆ ಎಚ್‌ಐವಿ ತಾನೇ ಕ್ಯಾನ್ಸರ್ ಹುಟ್ಟಿಸುವುದಿಲ್ಲ. ಅದು ದೇಹವನ್ನು ಸೋಂಕುಗಳಿಂದ ಕಾಯುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ನಾಶಮಾಡುತ್ತದೆ. ಆ ಕಾವಲು ಸಡಿಲವಾದಾಗ ದೇಹದಲ್ಲಿ ತೆಪ್ಪಗಿದ್ದ ಬೇರೆ ವೈರಸ್‌ಗಳು ತಲೆ ಎತ್ತುತ್ತವೆ. ಕಪೋಸಿಗೆ ಕಾರಣ ವಿಜ್ಞಾನಿಗಳಾದ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ 1994ರಲ್ಲಿ ಗುರುತಿಸಿದ ಹರ್ಪಿಸ್ ಗುಂಪಿನ ವೈರಸ್; ಹಲವು ಲಿಂಫೋಮಾಗಳ (ದುಗ್ಧರಸ ವ್ಯವಸ್ಥೆಯ ಕ್ಯಾನ್ಸರ್‌ಗಳ) ಹಿಂದೆ ಎಪ್‌ಸ್ಟೀನ್-ಬಾರ್ ವೈರಸ್ ಇದ್ದರೆ, ಗರ್ಭಕಂಠದ ಕ್ಯಾನ್ಸರಿನ ಹಿಂದೆ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್ ಇದೆ. ಆದ್ದರಿಂದಲೇ 1996ರಿಂದ ಹಲವು ಔಷಧಿಗಳನ್ನು ಕೂಡಿಸಿ ಕೊಟ್ಟು ಎಚ್‌ಐವಿಯನ್ನು ಹತ್ತಿಕ್ಕಿ ಆ ಕಾವಲನ್ನು ಮರಳಿಸುವ ಎಆರ್‌ಟಿ ಎಂಬ ಚಿಕಿತ್ಸೆ ಬಂದ ಮೇಲೆ ಕಪೋಸಿ ಮತ್ತು ನಾನ್-ಹಾಜ್ಕಿನ್ ಲಿಂಫೋಮಾ, ಚಿಕಿತ್ಸೆ ಸಿಕ್ಕ ದೇಶಗಳಲ್ಲಿ, ತೀವ್ರವಾಗಿ ಇಳಿದವು.

ಮಾತ್ರೆಯನ್ನು ಯಾವಾಗ ಆರಂಭಿಸಬೇಕೆಂಬುದಕ್ಕೆ 2015ರಲ್ಲಿ ಸ್ಟಾರ್ಟ್ ಎಂಬ ಅಧ್ಯಯನ ಉತ್ತರ ಕೊಟ್ಟಿತು. 35 ದೇಶಗಳ 4,685 ಜನರನ್ನು ಎರಡು ಗುಂಪು ಮಾಡಿ, ಸಿಡಿ4 ಎಣಿಕೆ (ಒಂದು ಘನ ಮಿಲಿಮೀಟರ್ ರಕ್ತದಲ್ಲಿ) ಇನ್ನೂ 500ಕ್ಕಿಂತ ಮೇಲಿದ್ದಾಗಲೇ ಒಂದು ಗುಂಪಿಗೆ ಮಾತ್ರೆ ಕೊಟ್ಟರು. ಇನ್ನೊಂದು ಗುಂಪು ಎಣಿಕೆ 350ಕ್ಕೆ ಇಳಿಯುವವರೆಗೆ ಅಥವಾ ಏಡ್ಸ್‌ನ ಲಕ್ಷಣ ಕಾಣುವವರೆಗೆ ಕಾಯಿತು. ತಕ್ಷಣ ಆರಂಭಿಸಿದವರಲ್ಲಿ 14 ಜನರಿಗೆ, ಕಾದವರಲ್ಲಿ 39 ಜನರಿಗೆ ಕ್ಯಾನ್ಸರ್ ಬಂತು. ಕಪೋಸಿಯೊಂದನ್ನೇ ನೋಡಿದರೆ 1 ಮತ್ತು 11. ಸಿಡಿ4 ಎಣಿಕೆ ಚೆನ್ನಾಗಿದೆ ಎಂದು ನಿಶ್ಚಿಂತರಾಗಿದ್ದ ಕಾಲವೂ ಸುರಕ್ಷಿತವಾಗಿರಲಿಲ್ಲ ಎಂಬುದೇ ಇದರಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ. ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿಯನ್ನು ಭಾರತ 2017ರಲ್ಲಿ ಜಾರಿಗೆ ತಂದಿತು.

ಮಾತ್ರೆ ನುಂಗುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಂಥವು ಈಗ ಮುಂದೆ ಬಂದಿರುವುದನ್ನು ನೋಡಿ ಔಷಧಿಯನ್ನೇ ದೂರುವುದು ತಪ್ಪು. ಏಡ್ಸ್‌ನಿಂದ ಸಾಯದೆ ಅರವತ್ತು ದಾಟಿದವರಿಗೆ ವಯಸ್ಸಿನ ಕಾಯಿಲೆಗಳೂ ಬರುತ್ತವೆ, ಬೀಡಿ-ಸಿಗರೇಟು ಸೇದುವವರಿದ್ದರಂತೂ ಇನ್ನೂ ಹೆಚ್ಚು.

ನಮ್ಮಲ್ಲಿ ಕಪೋಸಿ ಅಪರೂಪ. ಯೋಚಿಸಬೇಕಾದದ್ದು ಗರ್ಭಕಂಠದ ಕ್ಯಾನ್ಸರನ್ನು. ಎಚ್‌ಐವಿ ಇರುವ ಮಹಿಳೆಯರಿಗೆ ಇದರ ಅಪಾಯ ಇತರರಿಗಿಂತ ಸುಮಾರು ಆರು ಪಟ್ಟು. ಬೇಗ ಆರಂಭಿಸಿ ತಪ್ಪದೆ ನುಂಗಿದ ಮಾತ್ರೆ ಆ ಅಪಾಯವನ್ನು ತಗ್ಗಿಸುತ್ತದಾದರೂ ಅಳಿಸುವುದಿಲ್ಲ, ಏಕೆಂದರೆ ಎಚ್‌ಪಿವಿ ವರ್ಷಗಟ್ಟಲೆ ಒಳಗಿದ್ದು ಜೀವಕೋಶಗಳನ್ನು ಕೆಡಿಸಿಬಿಟ್ಟ ಮೇಲೆ, ಮರಳಿ ಬಂದ ರೋಗನಿರೋಧಕ ಶಕ್ತಿಗೆ ಅವನ್ನು ಪೂರ್ತಿ ತೆಗೆದುಹಾಕಲು ಆಗದಿರಬಹುದು. ಇಂಥ ಮಹಿಳೆಯರಿಗೆ 25ನೇ ವಯಸ್ಸಿನಿಂದ ಮೂರರಿಂದ ಐದು ವರ್ಷಕ್ಕೊಮ್ಮೆ ತಪಾಸಣೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಪಾಸಣೆಯ ಒಂದು ವಿಧಾನ ತೀರ ಸರಳ: ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದರೆ, ಕೆಟ್ಟ ಭಾಗ ಬೆಳ್ಳಗಾಗಿ ಬರಿಗಣ್ಣಿಗೇ ಕಾಣುತ್ತದೆ; ತರಬೇತಿ ಪಡೆದ ನರ್ಸ್ ಇದನ್ನು ಮಾಡಬಲ್ಲರು. ಎಆರ್‌ಟಿ ಕೇಂದ್ರಕ್ಕೆ ಮಾತ್ರೆಗೆಂದು ಬಂದ ದಿನವೇ ಇದೂ ಮುಗಿಯುವಂತಿದ್ದರೆ, ಮತ್ತೊಂದು ದಿನದ ಕೂಲಿ ಬಿಟ್ಟು, ಬಸ್ ಹಿಡಿದು ಇನ್ನೊಂದು ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವುದು ಅವರಿಗೆ ತಪ್ಪುತ್ತದೆ.