ರ‍್ಯಾಮ್ ಕೊಳ್ಳುವ ಮೊದಲು ಅಡಿ ಕವರ್ ಬಿಚ್ಚಿ ನೋಡಿ

ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳಿಗೆ ಬೆಂಗಳೂರಿನಲ್ಲಿ ಬರವಿಲ್ಲ. ಎಸ್‌.ಪಿ. ರೋಡಿಗೆ ಹೋದರೆ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಸಾಲುಸಾಲಾಗಿ ಸಿಗುತ್ತವೆ. ಅದರಲ್ಲೊಂದನ್ನು ಹಿಡಿದುಕೊಂಡು ಬಂದು "ಸರ್, ಇದನ್ನ 32 ಜಿಬಿ ಮಾಡಿಕೊಡಿ" ಅಂತ ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಹೆಚ್ಚಿಸಲು ಕೇಳುವವರಿಗೆ ನಾನು ಮೊದಲು ಕೇಳುವುದು ಮಾಡೆಲ್ ಹೆಸರಿನ ಕೊನೆಯ ಅಕ್ಷರ.

ಯಾಕೆ ಅಂದರೆ, ಥಿಂಕ್‌ಪ್ಯಾಡ್‌ನ ಟಿ480 ಮತ್ತು ಟಿ480ಎಸ್ ಎರಡೂ 2018ರವು, ನೋಡೋದಕ್ಕೂ ಅಣ್ಣತಮ್ಮಂದಿರ ಹಾಗೆ. ಆದರೆ ಟಿ480ರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, ಎರಡನ್ನೂ ಬದಲಿಸಬಹುದು. ಎಸ್ ಸೇರಿದ ಮಾಡೆಲ್‌ನಲ್ಲಿ ಒಂದಿಷ್ಟು ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ನಮಗೆ ಸಿಗುವುದು ಒಂದೇ ಸ್ಲಾಟ್. ತೆಳು ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಂತೂ ಅದೂ ಇಲ್ಲ. ಕೊಳ್ಳುವಾಗ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ತೆಳುವಾಗಿದೆ, ಹಗುರವಾಗಿದೆ ಅಂತ ಮನಸೋತು ಕೊಂಡವರು ಆಮೇಲೆ ಪೇಚಾಡುವುದು ಇಲ್ಲೇ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಪುಟ ತೆಗೆದರೆ ಎಷ್ಟು ಸ್ಲಾಟ್ ಬಳಕೆಯಲ್ಲಿವೆ ಅಂತ ತೋರಿಸುತ್ತದೆ ನಿಜ. ಆದರೆ ಬೆಸುಗೆ ಹಾಕಿದ ಮೆಮೊರಿಯನ್ನೂ ಅದು ಎಷ್ಟೋ ಸಲ ಸ್ಲಾಟ್ ಅಂತಲೇ ಎಣಿಸುತ್ತದೆ. ಅದನ್ನೇ ನಂಬಿ ದುಡ್ಡು ಕೊಡಬೇಡಿ, ಅದರಲ್ಲೂ ಮೆಮೊರಿ ಬೆಲೆ ಹೀಗೆ ಏರಿರುವಾಗ. ಲೆನೊವೊ, ಡೆಲ್, ಎಚ್‌ಪಿ ಮೂರೂ ಬಿಸಿನೆಸ್ ಮಾಡೆಲ್‌ಗಳ ಸರ್ವಿಸ್ ಮ್ಯಾನುಯಲ್ ಪಿಡಿಎಫ್‌ಗಳನ್ನು ಪುಕ್ಕಟೆ ಕೊಡುತ್ತವೆ. ಯಾವ ಸ್ಕ್ರೂ ಮೊದಲು, ಕವರ್ ಯಾವ ಕಡೆಯಿಂದ ಏಳುತ್ತದೆ, ಎಲ್ಲ ಚಿತ್ರ ಸಮೇತ ಇರುತ್ತದೆ.

ಬಿಚ್ಚುವುದು ಕಷ್ಟವೇನಲ್ಲ. ಟಿ480ರಲ್ಲಿ ಎರಡು ಬ್ಯಾಟರಿ. ಹೊರಗಿನದನ್ನು ತೆಗೆದುಬಿಟ್ಟರೆ ಕರೆಂಟ್ ಹೋಯ್ತು ಅಂದುಕೊಳ್ಳುತ್ತಾರೆ, ಒಳಗಿನದು ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಆದ್ದರಿಂದ ಚಾರ್ಜರ್ ಕಿತ್ತು, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ಎಫ್1 ಒತ್ತಿ ತೆರೆಯುವ ಸೆಟ್ಟಿಂಗ್ಸ್) ಕಾನ್ಫಿಗ್, ಅದರೊಳಗೆ ಪವರ್, ಅಲ್ಲಿ ಬಿಲ್ಟ್-ಇನ್ ಬ್ಯಾಟರಿ ಡಿಸೇಬಲ್ ಮಾಡಿ. ಮಷೀನ್ ತಾನೇ ಆಫ್ ಆಗುತ್ತದೆ. ಕೆಲಸ ಮುಗಿಸಿ ಚಾರ್ಜರ್ ಚುಚ್ಚಿದಾಗ ಬ್ಯಾಟರಿ ಮತ್ತೆ ಎಚ್ಚರಗೊಳ್ಳುತ್ತದೆ. ಅಡಿ ಕವರಿನ ಸ್ಕ್ರೂಗಳು ಸಡಿಲವಾದರೂ ಕವರಿನಲ್ಲೇ ಉಳಿಯುತ್ತವೆ, ಕಳೆದುಹೋಗುವ ಭಯವಿಲ್ಲ. ಅಂಚಿನ ಲಾಕ್ ಬಿಡಿಸಲು ಮಾತ್ರ ಪ್ಲಾಸ್ಟಿಕ್ ಚೂರು ಬಳಸಿ, ಸ್ಕ್ರೂಡ್ರೈವರ್ ತೂರಿಸಿದರೆ ಲಾಕ್ ಮುರಿಯುತ್ತದೆ.

ಎಸ್‌ಎಸ್‌ಡಿ, ಅಂದರೆ ಫೈಲ್‌ಗಳೆಲ್ಲ ಉಳಿಯುವ ಡ್ರೈವ್ ವಿಷಯಕ್ಕೆ ಬಂದರೆ ಸೆಕೆಂಡಿಗೆ 3500 ಎಂಬಿ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ಅಲ್ವಾ? ಟಿ480ರ ಡ್ರೈವ್ ಜಾಗಕ್ಕೆ ಬರುವುದು ಪಿಸಿಐಇ (ಡೇಟಾ ಓಡಾಡುವ ದಾರಿ) ಎರಡೇ ಲೇನ್, ಆ ವೇಗಕ್ಕೆ ನಾಲ್ಕು ಬೇಕು. ಅಂದರೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ದುಬಾರಿ ಡ್ರೈವ್ ಸುಮ್ನೆ ದಂಡ, ಸಾಧಾರಣ ಎನ್‌ವಿಎಂಇ (ಪಿಸಿಐಇ ಮೇಲೆ ಓಡುವ ಎಸ್‌ಎಸ್‌ಡಿ) ಸಾಕು. ಆ ದುಡ್ಡಿನಲ್ಲಿ ಜಾಸ್ತಿ ಜಿಬಿ ತಗೊಳ್ಳಿ. ಹಳೇ ಡ್ರೈವ್ ತೆಗೆಯುವ ಮುಂಚೆ ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಇನ್ನೂ ಕೊಂಡಿಲ್ಲದವರಿಗೆ ಎರಡು ಮಾತು. ಪ್ರೊಸೆಸರ್ ಇಂಟೆಲ್ 8ನೇ ಪೀಳಿಗೆಗಿಂತ ಹಳೆಯದಾಗಿದ್ದರೆ ಬಿಟ್ಟುಬಿಡಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು, 11 ಆ ಹಳೇ ಚಿಪ್‌ಗಳನ್ನು ಒಪ್ಪುವುದಿಲ್ಲ. ಇನ್ನೊಂದು, ಅಂಗಡಿಯಲ್ಲೇ ಆನ್ ಮಾಡಿಸಿ ಬಯೋಸ್ ತೆರೆದು ನೋಡಿ, ಥಿಂಕ್‌ಪ್ಯಾಡ್ ಆದರೆ ಎಫ್1. ಹಳೇ ಕಂಪನಿಯ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ವಾಪಸ್ ಕೊಟ್ಟುಬಿಡಿ. ಅದು ಗೊತ್ತಿಲ್ಲದಿದ್ದರೆ ಲೆನೊವೊ ಹೇಳುವ ದಾರಿ ಒಂದೇ, ಮದರ್‌ಬೋರ್ಡ್ ಬದಲಾಯಿಸುವುದು.

ಹೊಸ ರ‍್ಯಾಮ್ ಹಾಕಿ ಆನ್ ಮಾಡಿದಾಗ ಸ್ಕ್ರೀನ್ ಸ್ವಲ್ಪ ಹೊತ್ತು ಕಪ್ಪಾಗಿಯೇ ಇದ್ದರೆ ಗಾಬರಿಯಾಗಬೇಡಿ, ಮೆಮೊರಿಯನ್ನು ಮೊದಲ ಸಲ ಅಳೆದು ನೋಡಲು ಅದಕ್ಕೆ ಸಮಯ ಬೇಕು. ಆಮೇಲೂ ಏಳದಿದ್ದರೆ ರ‍್ಯಾಮ್ ತೆಗೆದು, ಎರಡೂ ಬದಿಯ ಕ್ಲಿಪ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ. ಬಹಳ ಸಲ ತೊಂದರೆ ಇರುವುದು ಅಷ್ಟೇ.