ಮೊದಲು ಒಣಗಲಿ, ಆಮೇಲೆ ಪಾಲಿಶ್

ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಮುಹೂರ್ತಕ್ಕೆಂದು ಬೀರು ತೆಗೆದರೆ, ಕೊಡವರ ಸಾಂಪ್ರದಾಯಿಕ ಉಡುಗೆ ಕುಪ್ಯಚೇಲೆಯ ಜೊತೆ ತೊಡುವ ಕಪ್ಪು ಶೂ ಬೂದಿ ಬಳಿದಂತೆ ಬೆಳ್ಳಗಾಗಿರುತ್ತದೆ. ಹೆಚ್ಚಿನವರು ಬಟ್ಟೆಯಲ್ಲಿ ಒರೆಸಿ, ಮೇಲೊಂದು ಪದರ ಪಾಲಿಶ್ ಬಳಿದು ಹೊರಟುಬಿಡುತ್ತಾರೆ. ಹೊಲಿಗೆಯ ಸಂದಿನಲ್ಲೂ ಒಳಪದರದಲ್ಲೂ ಬೂಷ್ಟು ಹಾಗೇ ಉಳಿದಿರುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಮೇಲೇಳುತ್ತದೆ.

ಬಿಳಿಯಾದದ್ದೆಲ್ಲ ಬೂಷ್ಟೂ ಅಲ್ಲ. ಚರ್ಮದೊಳಗಿನ ಕೊಬ್ಬು ಮೇಲೆ ಬಂದು ಹೆಪ್ಪುಗಟ್ಟಿದರೂ ಹೀಗೇ ಕಾಣುತ್ತದೆ. ಹೇರ್ ಡ್ರೈಯರಿನ ಬೆಚ್ಚನೆ ಗಾಳಿಯನ್ನು ದೂರದಿಂದ ಕ್ಷಣಕಾಲ ಹಿಡಿಯಿರಿ. ಕೊಬ್ಬಾದರೆ ಕರಗಿ ಮಾಯವಾಗುತ್ತದೆ, ಬೂಷ್ಟು ಅಲ್ಲಾಡುವುದಿಲ್ಲ.

ಬೂಷ್ಟೇ ಆದರೆ ಶೂವನ್ನು ಮನೆಯ ಹೊರಗೆ ಒಯ್ದು ಬ್ರಷ್ ಮಾಡಿ. ಒಳಗೇ ಉಜ್ಜಿದರೆ ಅದರ ಧೂಳು ಬೀರುವಿನ ಉಳಿದ ಬಟ್ಟೆಗೂ ಹರಡುತ್ತದೆ. ಲೇಸ್ ಬಿಚ್ಚಿ. ಬಿಳಿ ವಿನೆಗರ್ ಮತ್ತು ನೀರನ್ನು ಸಮಪಾಲು ಬೆರೆಸಿ, ಹಿಂಡಿದ ಬಟ್ಟೆಯಿಂದ ಹೊರಗೂ ಒಳಗೂ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಶೂವಿನ ನಾಲಗೆಯ (ಲೇಸಿನ ಕೆಳಗಿನ ಪಟ್ಟಿಯ) ಅಡಿಭಾಗದಲ್ಲಿ ಪರೀಕ್ಷಿಸಿಕೊಳ್ಳಿ. ಅಟ್ಟೆಯ ಅಂಚಿನ ಹೊಲಿಗೆಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಶೂ ಕೆಡುವುದು ಹೆಚ್ಚಾಗಿ ಒಣಗಿಸುವಾಗ. ನೆಂದ ಶೂವನ್ನು ಸೌದೆ ಒಲೆಯ ಪಕ್ಕ ಇಡುವ ಅಭ್ಯಾಸ ನಮ್ಮಲ್ಲಿದೆ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಅದರ ನಾರು ಕುಗ್ಗಿ ಸೆಟೆಯುತ್ತದೆ. ಆಮೇಲೆ ಬೆರಳು ಮಡಚುವ ಜಾಗದಲ್ಲಿ ಬಿರುಕು ಬಿಡುತ್ತದೆ. ಬಿರುಕನ್ನು ಯಾವ ಕ್ರೀಮೂ ಕೂಡಿಸದು. ಒಳಗೆ ಕಾಗದದ ಉಂಡೆ ತುರುಕಿ, ಒದ್ದೆಯಾದಂತೆಲ್ಲ ಬದಲಿಸಿ. ಶೂವನ್ನು ಮಗ್ಗುಲಾಗಿ ಮಲಗಿಸಿದರೆ ಅಟ್ಟೆಗೂ ಗಾಳಿ ಸಿಗುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇದಕ್ಕೆ ಎರಡು ಮೂರು ದಿನ ಬೇಕು, ಫ್ಯಾನಿನ ಕೆಳಗಾದರೂ ಅಷ್ಟೇ.

ಪೂರ್ತಿ ಒಣಗಿದ ಮೇಲೆ ಶೂ ಕ್ರೀಮ್: ಒಂದೊಂದು ಶೂವಿಗೆ ಎರಡು ಕಡಲೆಕಾಳಿನಷ್ಟು, ತೆಳ್ಳಗೆ. ಹದಿನೈದು ನಿಮಿಷ ಬಿಟ್ಟು ಕುದುರೆಕೂದಲಿನ ಬ್ರಷ್‌ನಿಂದ ಉಜ್ಜಿ. ಕ್ರೀಮಿನ ಬದಲು ತೆಂಗಿನೆಣ್ಣೆ ಬೇಡ. ಚರ್ಮ ಕಪ್ಪಾಗಿ ಮೆತ್ತಗಾಗುತ್ತದೆ, ಅದರ ಮೇಲೆ ಹಾಕುವ ಮೇಣ ಸರಿಯಾಗಿ ಕೂರುವುದಿಲ್ಲ.

ಊರೂರಿಗೂ ನಿವೃತ್ತ ಸೈನಿಕರಿರುವ ಜಿಲ್ಲೆಯಲ್ಲಿ ಮುಖ ಕಾಣುವ ಹೊಳಪಿನ ಪಾಠ ಹೇಳುವುದು ಅಧಿಕಪ್ರಸಂಗವೇ. ಆದರೂ ಒಂದು ಮಾತು: ಡಬ್ಬಿಯ ಮೇಣದ ಪಾಲಿಶ್‌ನ ದಪ್ಪ ಪದರ ಮುಂತುದಿಗೆ ಮತ್ತು ಹಿಮ್ಮಡಿಗೆ ಮಾತ್ರ. ಮಡಚುವ ಜಾಗದಲ್ಲಿ ಅದು ಒಡೆದು ಉದುರುತ್ತದೆ. ಬೆರಳಿಗೆ ಬಿಗಿಯಾಗಿ ಸುತ್ತಿದ ಹತ್ತಿಬಟ್ಟೆ, ಚೂರು ಮೇಣ, ಒಂದು ಹನಿ ತಣ್ಣೀರು, ಸಣ್ಣ ಸಣ್ಣ ಸುತ್ತು. ಹೀಗೆ ಐದಾರು ಪದರ. ಮೇಲ್ಮೈ ಮಂಕಾದರೆ ಮೇಣ ಜಾಸ್ತಿಯಾಯಿತು ಎಂದು ತಿಳಿದು, ಬರೀ ನೀರಿನ ಹನಿಯಲ್ಲಿ ಉಜ್ಜುತ್ತಾ ಹೋಗಿ.

ಮಳೆಗಾಲದಲ್ಲಿ ಶೂವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗಿನ ತೇವಕ್ಕೆ ದಾರಿಯೇ ಇರದು. ಹತ್ತಿಯ ಚೀಲ ಒಳ್ಳೆಯದು. ವಾರಕ್ಕೊಮ್ಮೆ ಹೊರಗೆ ತೆಗೆದು ಗಾಳಿಗಿಡಿ. ಬೀರುವಿನಲ್ಲಿ ತೇವ ಹೀರಿ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಇಟ್ಟಿದ್ದರೆ ಹರಳಿನ ಬಣ್ಣ ನೋಡುತ್ತಿರಿ. ಬಣ್ಣ ತಿರುಗಿತೆಂದರೆ ಅದು ನೀರು ಕುಡಿದಾಯಿತು, ಒಣಗಿಸುವ ತನಕ ಕೆಲಸ ಮಾಡದು.